ಕೆಂಪು ಚುಕ್ಕೆಯ ಲೋಟ

ಮೊದಲು ಲೋಟದ ವಿಷಯ ಹೇಳಿಬಿಡುತ್ತೇನೆ. ಅದನ್ನು ಕೊನೆಗೆ ಇಟ್ಟುಕೊಂಡರೆ ನಡುವೆ ಎಲ್ಲೋ ನನ್ನ ಹಳೇ ಬುದ್ಧಿ ಕೆಲಸ ಮಾಡಿ, ತಪ್ಪನ್ನು ಅತ್ತೆಯ ತಲೆಗೋ ಗಂಡನ ತಲೆಗೋ ಕಟ್ಟಿಬಿಡುತ್ತೇನೆ. ಆ ಕಲೆಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ, ಹರ್ನ್‌ಡನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹನ್ನೆರಡು ಸ್ಟೀಲ್ ಲೋಟಗಳಿದ್ದವು. ಹನ್ನೊಂದರ ಮೇಲೆ ನನ್ನ ಅತ್ತೆ ಅಲಮೇಲು ಅವರ ಹೆಸರು ಕೊರೆಸಿತ್ತು. ಹನ್ನೆರಡನೆಯದು ಮೈಸೂರಿನ ಪಾತ್ರೆ ಅಂಗಡಿಯವನು ಕೊಸರಿಗೆ ಕೊಟ್ಟದ್ದು. ಅದರ ಮೇಲೆ ಹೆಸರಿರಲಿಲ್ಲ, ಅಂಚು ಒಂದು ಕಡೆ ನೆಗ್ಗಿತ್ತು. ೧೯೯೪ರ ಸೆಪ್ಟೆಂಬರಿನ ಒಂದು ಸಂಜೆ ನಾನು ನನ್ನ ನೇಲ್ ಪಾಲಿಷ್ ಬಾಟಲಿ ತೆಗೆದು ಆ ಲೋಟದ ಅಂಚಿನ ಕೆಳಗೆ ಒಂದು ಕೆಂಪು ಚುಕ್ಕೆ ಇಟ್ಟೆ. ಮೇಲಿನ ಮನೆಯ ಮಿಸೆಸ್ ಯೂನ್ ಕಾಫಿ ಕುಡಿದ ಲೋಟ ಅದು. ಉಳಿದ ಹನ್ನೊಂದರ ಜತೆ ಸೇರಿಹೋಗದಿರಲಿ ಎಂದು ಗುರುತು ಮಾಡಿದೆ.

ಮಿಸೆಸ್ ಯೂನ್ ಕೊರಿಯಾದವರು. ಅರವತ್ತೆರಡು ವರ್ಷದ ವಿಧವೆ, ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಮಗಳ ಜತೆಗಿದ್ದರು. ನನಗೆ ರೆಸ್ಟನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಾಗ ನಮ್ಮ ನಿಧಿಗೆ ಮೂರೂವರೆ ವರ್ಷ. ಅವಳನ್ನು ಮಧ್ಯಾಹ್ನದಿಂದ ಆರು ಗಂಟೆಯವರೆಗೆ ನೋಡಿಕೊಳ್ಳಲು ಯಾರೂ ಸಿಗದೆ ನಾನು ಕಂಗಾಲಾಗಿದ್ದಾಗ, ಲಾಂಡ್ರಿ ರೂಮಿನಲ್ಲಿ ಪರಿಚಯವಾದ ಈ ಹೆಂಗಸು ತಾವಾಗಿಯೇ ಒಪ್ಪಿಕೊಂಡರು. ನಿಧಿ ಅವರನ್ನು ಹಾಲ್ಮೊನಿ ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಹಾಗೆಂದರೆ ಅಜ್ಜಿ. ಅವರು ನನ್ನನ್ನು 'ನಿಧಿ ಅಮ್ಮ' ಎಂದೇ ಕರೆಯುತ್ತಿದ್ದರು. ಅವರಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಹಿಡಿದು ಕರೆಯುವುದು ರೂಢಿಯಂತೆ. ವೇದಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ. ನಮ್ಮಿಬ್ಬರ ಇಂಗ್ಲಿಷೂ ಬೇರೆ ಬೇರೆ ಕಾಲಲ್ಲಿ ಕುಂಟುತ್ತಿತ್ತು. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಸಂಜೆ ಆರಕ್ಕೆ ಅವರು ನಿಧಿಯನ್ನು ಕೆಳಗೆ ಕರೆತರುತ್ತಿದ್ದರು. ನಾನು ಫಿಲ್ಟರ್ ಕಾಫಿ ಕೊಡುತ್ತಿದ್ದೆ. ಅವರ ಕೈಯಿಂದ ಬೆಳ್ಳುಳ್ಳಿಯ ವಾಸನೆ, ಒಣಮೀನಿನ ವಾಸನೆ ಬರುತ್ತಿತ್ತು. ಅವರು ಹೋದ ಮೇಲೆ ಆ ಲೋಟವನ್ನು ಬೇರೆ ಬ್ರಷ್ಷಿನಲ್ಲಿ ತೊಳೆದು, ಸಿಂಕಿನ ಕೆಳಗಿನ ಕಪಾಟಿನಲ್ಲಿ, ಬಚ್ಚಲು ಉಜ್ಜುವ ಪುಡಿಯ ಪಕ್ಕದಲ್ಲಿ ಬೋರಲು ಹಾಕುತ್ತಿದ್ದೆ. ಮಗುವಿಗೂ ಹೇಳಿಕೊಟ್ಟಿದ್ದೆ. "ಅದನ್ನ ಮುಟ್ಟಬೇಡ ಪುಟ್ಟಿ, ಅದು ಹಾಲ್ಮೊನಿದು." ಹಾಗೆಯೇ, ಯಾವ ಲೋಟವನ್ನೂ ಕಚ್ಚಿ ಕುಡಿಯಬಾರದು, ಎತ್ತಿ ಕುಡಿಯಬೇಕು ಎಂದೂ ಕಲಿಸುತ್ತಿದ್ದೆ. ಆ ವಯಸ್ಸಿಗೆ ಅದು ಎಲ್ಲಿ ಬರಬೇಕು. ನೀರೆಲ್ಲ ಫ್ರಾಕಿನ ಮೇಲೆ ಸುರಿದುಕೊಳ್ಳುತ್ತಿದ್ದಳು. ಮಿಸೆಸ್ ಯೂನ್ ನಗುತ್ತಾ ತಮ್ಮ ತೋಳಿನಿಂದಲೇ ಅವಳ ಗಲ್ಲ ಒರೆಸುತ್ತಿದ್ದರು.

ಒಂದು ಸಲ ನಮ್ಮ ಯಜಮಾನರು, ಬದರಿನಾಥ, ಸಿಂಕಿನ ಕೆಳಗೆ ಏನೋ ಹುಡುಕುತ್ತಾ ಆ ಲೋಟ ನೋಡಿದರು.

"ಇದೇನೇ, ಮಲ್ಲಮ್ಮನ ಲೋಟ ಇಲ್ಲಿಗೂ ಬಂತಾ?"

"ನಿಮಗ್ಯಾಕೆ? ಕಿಚನ್ ಮ್ಯಾನೇಜ್ ಮಾಡೋದು ನಾನು ತಾನೇ," ಎಂದೆ. ಅವರು ಕಪಾಟಿನ ಬಾಗಿಲು ಮುಚ್ಚಿ ಹೊರಗೆ ಹೋದರು.

ಮಲ್ಲಮ್ಮ ನನ್ನ ತವರಿನಲ್ಲಿ ಪಾತ್ರೆ ತಿಕ್ಕುತ್ತಿದ್ದವಳು. ಅವಳ ಲೋಟ ಹಿತ್ತಿಲ ಗೋಡೆಯ ಗೂಡಿನಲ್ಲಿರುತ್ತಿತ್ತು. ಅಮ್ಮ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದಳು, ಅವಳು ಕುಡಿದು, ತಾನೇ ತೊಳೆದು, ಮತ್ತೆ ಗೂಡಿನಲ್ಲಿಡುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಆ ಲೋಟಕ್ಕಾಗಿ ಅಮ್ಮನ ಜತೆ ಜಗಳವಾಡಿ ಎರಡು ದಿನ ಊಟ ಬಿಟ್ಟಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಅದೇ ಕಥೆ ಹೇಳಿ, ಒಂದು ಲೋಟದ ಬಾಯಿಯಷ್ಟೂ ಅಗಲವಿಲ್ಲ ನಮ್ಮ ಮನಸ್ಸು ಎಂದು ಮೇಜು ಗುದ್ದಿದ್ದೆ. ಚಪ್ಪಾಳೆ ಬಿತ್ತು, ಮೊದಲ ಬಹುಮಾನವೂ ಬಂತು. ಆ ಸರ್ಟಿಫಿಕೇಟನ್ನು ಅಮೆರಿಕಕ್ಕೂ ತಂದಿದ್ದೆ, ಫೈಲಿನಲ್ಲಿ ಭದ್ರವಾಗಿತ್ತು. ಅದೇ ಮನೆಯ ಸಿಂಕಿನ ಕೆಳಗೆ ಈ ಲೋಟವೂ ಭದ್ರವಾಗಿತ್ತು. ಎರಡನ್ನೂ ಇಟ್ಟವಳು ನಾನೇ, ಮತ್ತು ಅದರಲ್ಲಿ ನನಗೆ ಯಾವ ವಿಚಿತ್ರವೂ ಕಂಡಿರಲಿಲ್ಲ.

ಮುಂದಿನ ವರ್ಷ ಜುಲೈನಲ್ಲಿ ಸೆಕೆ ತಡೆಯಲಾಗುತ್ತಿರಲಿಲ್ಲ. ಒಂದು ಸಂಜೆ ನಿಧಿ ಬಾಯಿಯ ಸುತ್ತ ಕೆಂಪು ಮಾಡಿಕೊಂಡು ಬಂದಳು.

"ಏನು ತಿಂದೆ?"

"ಹ್ವಾಚೆ. ಇಟ್ಸ್ ಸೋ ಕೋಲ್ಡ್ ಅಮ್ಮ. ಬಾಯಲ್ಲಿ ಚುರುಚುರು ಅನ್ನತ್ತೆ."

ಹಣ್ಣಿನ ಪಂಚ್ ಎಂದು ಮಿಸೆಸ್ ಯೂನ್ ಅರ್ಥ ಹೇಳಿದರು. ಪಂಚ್ ಎಂದ ಕೂಡಲೇ ನನಗೆ ಬದರಿಯ ಆಫೀಸು ಪಾರ್ಟಿಯ ಹೆಂಡ ಬೆರೆಸಿದ ಪಂಚ್ ಕಣ್ಣಮುಂದೆ ಬಂತು. ಹೆಂಡವಿಲ್ಲದಿದ್ದರೂ ಹಣ್ಣು ಕೊಯ್ದ ಚಾಕು ಯಾವುದು, ಮಣೆ ಯಾವುದು, ಬೆಳಿಗ್ಗೆ ಅದರ ಮೇಲೆ ಏನು ಕತ್ತರಿಸಿದ್ದರೋ. ಇಡೀ ರಾತ್ರಿ ಇದೇ ಯೋಚನೆ. ಹತ್ತು ತಿಂಗಳಿಂದ ನನ್ನ ಮಗುವನ್ನು ತಮ್ಮ ಮಗುವಿನಂತೆ ನೋಡಿಕೊಂಡವರನ್ನು ನೇರವಾಗಿ ಕೇಳುವ ಧೈರ್ಯವಿರಲಿಲ್ಲ. ಅದಕ್ಕೆ ಶನಿವಾರ ಮೇಲೆ ಹೋಗಿ, ಮುಖದ ತುಂಬ ನಗು ತುಂಬಿಕೊಂಡು, ಆ ಹ್ವಾಚೆ ಮಾಡುವುದನ್ನು ನನಗೂ ಕಲಿಸಿಕೊಡಿ ಎಂದೆ. ಪೊಲೀಸರು ನೆಂಟರ ವೇಷದಲ್ಲಿ ಹೋದ ಹಾಗೆ ಹೋದೆ.

ಅವರಿಗೆ ಆದ ಖುಷಿ ನೋಡಬೇಕಿತ್ತು. ಏಪ್ರನ್ ತಂದು ನನಗೇ ಕಟ್ಟಿದರು. ಅರ್ಧ ಕಲ್ಲಂಗಡಿಯನ್ನು ಮೇಜಿನ ಮೇಲಿಟ್ಟು, ಗುಂಡು ಬಾಯಿಯ ಪುಟ್ಟ ಚಮಚವನ್ನು ತಿರುಳಿನೊಳಗೆ ಒತ್ತಿ ಒಂದು ಸುತ್ತು ತಿರುಗಿಸಿದರು. ಕೆಂಪು ಗೋಲಿ ಹೊರಗೆ ಬಂತು. ನಾನು ತೆಗೆದದ್ದೆಲ್ಲ ಒಂದು ಕಡೆ ಚಪ್ಪಟೆ. ಆತುರ ಬೇಡ, ಪೂರ್ತಿ ಒತ್ತಿದ ಮೇಲೆ ತಿರುಗಿಸು ಎಂದು ನನ್ನ ಕೈಹಿಡಿದು ತೋರಿಸಿದರು. ಗೋಲಿಗಳ ನಡುವೆ ಉಳಿದ ತಿರುಳನ್ನು ಕೆರೆದು, ಬಿಳಿ ಬಟ್ಟೆಯಲ್ಲಿ ಹಾಕಿ ಹಿಂಡಿ ರಸ ತೆಗೆದರು. ಅದಕ್ಕೆ ಶುಂಠಿ ಹಾಕಿ ಕುದಿಸಿ ಆರಿಸಿದ ಜೇನುನೀರು. ಇಷ್ಟಾದಾಗ ನನಗೆ ನಮ್ಮ ರಾಮನವಮಿಯ ಪಾನಕ ನೆನಪಾಯಿತು, ಹೇಳಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಜೋರಾಗಿ ತಲೆಯಾಡಿಸಿದರು.

ಆಮೇಲೆ ಅವರ ದೇಶದ ಪೇರ್ ಹಣ್ಣನ್ನು ತೆಳ್ಳಗೆ ಸೀಳಿ ಪುಟ್ಟ ಹೂವುಗಳಂತೆ ಕತ್ತರಿಸಿದರು. ಟೊಳ್ಳಾದ ಕಲ್ಲಂಗಡಿ ಸಿಪ್ಪೆಯೇ ಪಾತ್ರೆ. ಅದರಲ್ಲಿ ಗೋಲಿ, ಹೂವು, ರಸ, ಐಸ್, ಕೊನೆಗೆ ಒಂದು ಕ್ಯಾನ್ ಸೆವೆನ್ ಅಪ್. ಮೇಲೆ ತೇಲಿಬಿಡಲು ಪೈನ್ ನಟ್ ಎಂಬ ಪುಟ್ಟ ಬಿಳಿ ಬೀಜಗಳು. ಒಂದೊಂದು ಬೀಜದ ತುದಿಗೂ ಸೂಜಿಮೊನೆಯಷ್ಟು ಕಂದು ಟೊಪ್ಪಿಗೆ ಅಂಟಿರುತ್ತದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಒಂದೊಂದಾಗಿ ಉಗುರಿನಿಂದ ತೆಗೆದರು.

"ತೆಗೆಯದಿದ್ದರೆ ಏನಾಗುತ್ತೆ?" ಎಂದು ಕೇಳಿದೆ.

"ಏನೂ ಆಗಲ್ಲ. ಆದರೆ ತಿನ್ನೋರಿಗೆ ಗೊತ್ತಾಗುತ್ತೆ, ಇವರು ನಮಗೋಸ್ಕರ ಕೂತು ಮಾಡಿಲ್ಲ ಅಂತ."

ನನ್ನ ಕಣ್ಣು ಅಷ್ಟು ಹೊತ್ತೂ ಪಾತ್ರೆಗಳ ಮೇಲೇ ಇತ್ತು. ಆಗ ಕಂಡಿತು. ಚಾಕುವಿನ ಹಿಡಿಯ ಮೇಲೆ ಒಂದು ಕೆಂಪು ಚುಕ್ಕೆ. ಮಣೆಯ ಮೂಲೆಯಲ್ಲಿ ಒಂದು. ಗುಂಡು ಚಮಚದ ಮೇಲೆ, ನಿಧಿಗೆಂದು ತೆಗೆದಿಟ್ಟ ಗಾಜಿನ ಬಟ್ಟಲಿನ ಮೇಲೆ ಒಂದೊಂದು. ಎಲ್ಲವೂ ಹೊಸದರಂತೆ ಇದ್ದವು. ಒಲೆಯಿಂದ ದೂರದ ಮೇಲಿನ ಕಪಾಟಿನಲ್ಲಿ, ಕಸೂತಿ ಹಾಕಿದ ಬಟ್ಟೆಯಲ್ಲಿ ಸುತ್ತಿಟ್ಟಿದ್ದವುಗಳನ್ನು ಅವರು ಬಿಚ್ಚಿ ತಂದದ್ದು ನಾನು ನೋಡಿದ್ದೆ, ಗಮನಿಸಿರಲಿಲ್ಲ.

"ಈ ಕೆಂಪು ಏನು?" ಎಂದೆ. ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

ಅವರು ಸ್ವಲ್ಪ ನಾಚಿದರು. "ನಿನ್ನ ನೋಡಿ ಕಲಿತೆ. ನಿಮ್ಮನೇಲಿ ನನಗೆ ಅಂತ ಒಂದೇ ಒಂದು ಕಪ್ ಇಟ್ಟಿದೀಯ. ಕೆಂಪು ಗುರುತು ಮಾಡಿದೀಯ. ಬೇರೆ ಯಾರೂ ಅದರಲ್ಲಿ ಕುಡಿಯಲ್ಲ. ನಮ್ಮ ದೇಶದಲ್ಲಿ ಮನೆಯವರಿಗೆ ಮಾತ್ರ ಹಾಗೆ. ನನ್ನ ಮಾವನಿಗೆ ಅವರದೇ ಬಟ್ಟಲು, ಅವರದೇ ಚಮಚ ಇತ್ತು. ಹೊರಗಿನವರಿಗೆ ಯಾರು ಇಡ್ತಾರೆ? ಈ ದೇಶಕ್ಕೆ ಬಂದು ಒಂಬತ್ತು ವರ್ಷ ಆಯ್ತು, ಯಾರೂ ನನಗೆ ಅಂತ ಕಪ್ ಇಟ್ಟಿರಲಿಲ್ಲ." ಆಮೇಲೆ ಮಣೆಯನ್ನು ತಟ್ಟಿ ಹೇಳಿದರು: "ನನ್ನ ಅಡುಗೆಮನೇಲಿ ಮೀನು, ಮಾಂಸ ಎಲ್ಲಾ ಇದೆ. ನೀವು ತಿನ್ನಲ್ಲ. ಅದಕ್ಕೆ ನಿಧಿಗೆ ಅಂತ ಎಲ್ಲಾ ಬೇರೆ. ಮೊದಲನೇ ತಿಂಗಳಿಂದಲೂ. ಮಗಳಿಗೂ ಮುಟ್ಟಕ್ಕೆ ಬಿಡಲ್ಲ."

ಒಂದು ಬಟ್ಟಲು ಹ್ವಾಚೆ ನನ್ನ ಕೈಗೆ ಬಂತು. ತಣ್ಣಗಿತ್ತು, ಸಿಹಿಯಿತ್ತು, ಶುಂಠಿ ಹದವಾಗಿತ್ತು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು, ಅದು ನನಗೆ ಬರುತ್ತದೆ. ಹೊಗಳಿದರೆ ಏನು ಮಾಡುವುದು? "ತುಂಬ ಚೆನ್ನಾಗಿದೆ," ಎಂದು ಎರಡು ಸಲ ಹೇಳಿ ಕೆಳಗೆ ಬಂದೆ.

ಬಂದವಳೇ ಸಿಂಕಿನ ಕೆಳಗಿಂದ ಲೋಟ ತೆಗೆದೆ. ನೇಲ್ ಪಾಲಿಷ್ ಅಳಿಸುವ ದ್ರವವನ್ನು ಹತ್ತಿಗೆ ಹಾಕಿಕೊಂಡೆ. ಅಷ್ಟರಲ್ಲಿ ಹೊಳೆಯಿತು: ಚುಕ್ಕೆ ಹೋದರೆ ನಾಳೆ ಅವರು ಕೇಳುತ್ತಾರೆ, ನನ್ನ ಕೆಂಪು ಎಲ್ಲಿ ಎಂದು. ಅಳಿಸುವಂತಿಲ್ಲ, ಇಡುವಂತಿಲ್ಲ. ಕೊನೆಗೆ ಲೋಟವನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಮೇಲಿನ ಕಪಾಟಿನಲ್ಲಿ ಬೆಳ್ಳಿ ಬಟ್ಟಲುಗಳ ಪಕ್ಕದಲ್ಲಿಟ್ಟೆ. ಮರುದಿನದಿಂದ ಅವರಿಗೆ ಎರಡೂ ಕೈಯಲ್ಲಿ ಹಿಡಿದು ಕಾಫಿ ಕೊಟ್ಟೆ. ಅವರೂ ಎರಡೂ ಕೈಯಲ್ಲಿ ತೆಗೆದುಕೊಂಡರು. ನೋಡುವವರಿಗೆ ಬಹಳ ಚಂದ ಕಾಣುತ್ತಿತ್ತು. ಆದರೆ ಒಪ್ಪಿಕೊಳ್ಳುತ್ತೇನೆ, ಆಮೇಲೂ ನಾನಾಗಲಿ ನಿಧಿಯಾಗಲಿ ಆ ಲೋಟದಲ್ಲಿ ಕುಡಿಯಲಿಲ್ಲ. ಲೋಟದ ಜಾಗ ಬದಲಾಯಿಸಿದ್ದೆ, ಅಷ್ಟೆ.

ಸತ್ಯ ಹೇಳಬೇಕೆಂದು ಎಷ್ಟೋ ಸಂಜೆ ಬಾಯಿ ತೆರೆದಿದ್ದೇನೆ. ಹೇಳಿದರೆ ಅವರ ಸಂತೋಷ ಹಾಳಾಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜವೆಂದರೆ ಅವರ ಕಣ್ಣಿನಲ್ಲಿ ನಾನು ಸಣ್ಣವಳಾಗುವುದು ನನಗೆ ಬೇಕಿರಲಿಲ್ಲ.

೧೯೯೬ರ ಆಗಸ್ಟಿನಲ್ಲಿ ಅವರು ಅಟ್ಲಾಂಟಾಕ್ಕೆ ಹೊರಟರು. ಅಲ್ಲಿ ಮಗನಿಗೆ ಮಗುವಾಗಿತ್ತು. ಹೊರಡುವ ಹಿಂದಿನ ದಿನ ಕೊನೆಯ ಸಲ ಕಾಫಿ ಕುಡಿದು, ಲೋಟವನ್ನು ಕೆಳಗಿಡದೆ ಹಾಗೇ ಹಿಡಿದುಕೊಂಡು ಕೇಳಿದರು: "ಇದು ನನ್ನದು ಅಲ್ವಾ? ತಗೊಂಡು ಹೋಗಲಾ?"

ಹೇಳುವುದಿದ್ದರೆ ಅದೇ ಸಮಯ. ನಾನು, ಇದು ನೆಗ್ಗಿದೆ, ಅತ್ತೆಯ ಹೆಸರಿರುವ ಒಳ್ಳೆಯ ಲೋಟ ಕೊಡುತ್ತೇನೆ ಎಂದೆ. ಬೇಡ, ಇದೇ ಬೇಕು ಎಂದರು. ಲೋಟ ತೊಳೆದು ಒರೆಸಿ, ಖಾಲಿ ಕೊಡಬಾರದೆಂದು ಒಂದು ಹಿಡಿ ಕಲ್ಲುಸಕ್ಕರೆ ಹಾಕಿ ಕೊಟ್ಟೆ. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡರು, ಸಾಮಾನಿನ ಟ್ರಕ್ಕಿಗೆ ಹಾಕಲಿಲ್ಲ. ಮಾರನೆಯ ದಿನ ಕಾರು ತಿರುವಿನಲ್ಲಿ ಮರೆಯಾದಾಗ ನಿಧಿ ಅತ್ತಳು. ನನಗೆ ಅಳುವಿನ ಜತೆಗೆ, ಹೇಳಲು ನಾಚಿಕೆ, ಸ್ವಲ್ಪ ನಿರಾಳವೂ ಆಯಿತು. ಲೋಟ ಮನೆ ಬಿಟ್ಟಿತ್ತು.

ಎರಡು ವರ್ಷ ಕಳೆಯಿತು. ನಾವು ಅಲ್ಲೇ ಹತ್ತಿರದ ಸ್ಟರ್ಲಿಂಗ್‌ನಲ್ಲಿ ಟೌನ್‌ಹೌಸ್ ಕೊಂಡೆವು. ೧೯೯೮ರ ಜುಲೈನಲ್ಲಿ ಬದರಿಯ ಹಳೆಯ ಸಹೋದ್ಯೋಗಿ ಅಣ್ಣಾಸಾಹೇಬರ ಮನೆಗೆಂದು ಅಟ್ಲಾಂಟಾಕ್ಕೆ ಹೋದೆವು. ಹೋದ ಮೇಲೆ ಹಾಲ್ಮೊನಿಯನ್ನು ನೋಡಲೇಬೇಕೆಂದು ನಿಧಿ ಹಟ ಹಿಡಿದಳು. ಆಗ ಅವಳಿಗೆ ಏಳು ವರ್ಷ. ಗಂಡಸರು ಮನೆಯಲ್ಲೇ ಉಳಿದರು. ನನಗೆ ಅಲ್ಲಿನ ರಸ್ತೆ ಗೊತ್ತಿಲ್ಲವೆಂದು ಅಣ್ಣಾಸಾಹೇಬರ ಹೆಂಡತಿ ನೀಲಗಂಗಾ ಕಾರು ತೆಗೆದರು. ಧಾರವಾಡದ ಕಡೆಯವರು, ಮನಸ್ಸಿನಲ್ಲಿ ಬಂದದ್ದನ್ನು ಅಲ್ಲೇ ಆಡುವವರು.

ಮಿಸೆಸ್ ಯೂನ್ ಬಾಗಿಲಲ್ಲೇ ನಿಧಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಫೋನ್ ಮಾಡಿ ತಿಳಿಸಿದ್ದರಿಂದ ಅಡುಗೆಮನೆಯ ಮೇಜಿನ ಮೇಲೆ ಆಗಲೇ ಕಲ್ಲಂಗಡಿ ಅರ್ಧ ಮಾಡಿಟ್ಟಿದ್ದರು, ಪಕ್ಕದಲ್ಲಿ ಅದೇ ಮಣೆ, ಅದೇ ಚಾಕು, ಅದೇ ಬಟ್ಟಲು. ನಿಧಿ ಎಂದಾದರೂ ಬರುತ್ತಾಳೋ ಇಲ್ಲವೋ ಗೊತ್ತಿಲ್ಲದೆಯೇ ಅವುಗಳನ್ನು ವರ್ಜೀನಿಯಾದಿಂದ ತಂದು ಎರಡು ವರ್ಷ ಎತ್ತಿಟ್ಟಿದ್ದರು. ನಿಧಿ ಗುಂಡು ಚಮಚ ಹಿಡಿದು ಗೋಲಿ ತೆಗೆಯತೊಡಗಿದಳು. ಒಂದೂ ಚಪ್ಪಟೆಯಾಗಲಿಲ್ಲ. ಮಿಸೆಸ್ ಯೂನ್ ಬೀಜಗಳ ತಟ್ಟೆ ಮುಂದಿಟ್ಟುಕೊಂಡು ಟೊಪ್ಪಿಗೆ ತೆಗೆಯುತ್ತಾ ಕೂತರು.

ಗೋಡೆಯ ಶೆಲ್ಫಿನ ಮೇಲೆ ಅವರ ಗಂಡನ ಫೋಟೋ ಇತ್ತು. ಫೋಟೋದ ಪಕ್ಕದಲ್ಲಿ ಲೋಟ.

"ನೋಡಿ," ಎಂದು ಅವರು ನೀಲಗಂಗಾ ಅವರಿಗೆ ತೋರಿಸಿದರು. "ನಿಧಿ ಅಮ್ಮ ಇದನ್ನ ನನಗೆ ಅಂತ ಇಟ್ಟಿದ್ದಳು. ನನಗೊಬ್ಬಳಿಗೇ."

ನೀಲಗಂಗಾ ಎದ್ದು ಹೋಗಿ ಲೋಟವನ್ನು ನೋಡಿದರು. ನೆಗ್ಗಿದ ಅಂಚು ನೋಡಿದರು, ಚುಕ್ಕೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಒಂದು ಸಣ್ಣ ನಗು ಬಂತು.

"ಗುರ್ತ ಹಚ್ಚೀರಲ್ರೀ ವೇದಾ. ನಮ್ಮನ್ಯಾಗೂ ಒಂದ್ ಇತ್ತು, ಕಸಾ ಬಳಿಯಾಕಿಗೆ. ನಮ್ಮವ್ವ ಅದಕ್ಕ ದಾರ ಕಟ್ಟಿದ್ಲು." ಆಡಿದ್ದು ಕನ್ನಡ, ದನಿ ಇಳಿಸುವ ಅಗತ್ಯವಿರಲಿಲ್ಲ, ಆದರೂ ಇಳಿಸಿದರು. "ಪಾಪ, ಮುದುಕಿ ಏನೋ ತಿಳ್ಕೊಂಡು ಖುಷಿಯಾಗ್ಯಾಳ. ಇರ್ಲಿ ಬಿಡ್ರಿ. ನಾ ಏನೂ ಹೇಳಂಗಿಲ್ಲ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನ್ನ ಮಾನ ಕಾಪಾಡಲೆಂದೇ ಹೇಳಿದರು. ಆ ನಗುವಿನಲ್ಲಿ ನಾವಿಬ್ಬರೂ ಒಂದೇ ಕಡೆ, ಆ ಮುದುಕಿ ಒಬ್ಬರೇ ಇನ್ನೊಂದು ಕಡೆ.

"ಏನು ಹೇಳ್ತಿದಾರೆ?" ಎಂದು ಮಿಸೆಸ್ ಯೂನ್ ಕೇಳಿದರು. ಅವರು ಒಳ್ಳೆಯ ಮಾತಿಗಾಗಿ ಕಾಯುತ್ತಿದ್ದರು.

ಲೋಟ ಚೆನ್ನಾಗಿದೆ ಅಂತಿದಾರೆ ಎಂದು ನಾಲಿಗೆಯ ತುದಿಗೆ ಬಂತು. ಮೂರು ವರ್ಷದಿಂದ ಬರುತ್ತಿದ್ದದ್ದು ಅದೇ.

"ಅವರ ಮನೇಲೂ ಇಂಥದ್ದು ಇತ್ತಂತೆ," ಎಂದೆ. "ಕೆಲಸದವಳಿಗೆ."

"ಕೆಲಸದವಳಿಗೆ?"

"ಅವಳ ಬಾಯಿ ತಾಗಿದ್ದು ನಮ್ಮ ಲೋಟಗಳ ಜತೆ ಸೇರಬಾರದು ಅಂತ ಬೇರೆ ಇಡ್ತಾರೆ. ನಾನೂ ಅದಕ್ಕೇ ಇಟ್ಟಿದ್ದೆ. ಗೌರವಕ್ಕಲ್ಲ. ಸಿಂಕಿನ ಕೆಳಗೆ ಇಡ್ತಿದ್ದೆ." ಒಂದೇ ಉಸಿರಿಗೆ ಹೇಳಿದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಬೆತ್ತಲೆಯಾಗಿ ಕೇಳಿಸಿತು. ನೀಲಗಂಗಾ ಕಿಟಕಿಯ ಕಡೆ ತಿರುಗಿದರು. ನಿಧಿ ತಲೆಯೆತ್ತದೆ ಗೋಲಿ ತೆಗೆಯುತ್ತಲೇ ಇದ್ದಳು.

ಮಿಸೆಸ್ ಯೂನ್ ಅವರ ಬೆರಳ ನಡುವೆ ಒಂದು ಬೀಜ ಇತ್ತು. ಅದನ್ನು ಹಾಗೇ ಹಿಡಿದುಕೊಂಡಿದ್ದರು.

"ನಾನು ಮೀನು ತಿಂತೀನಿ ಅಂತಲಾ?"

"ಹೌದು."

"ನಿಧಿ ನನ್ನ ಅಡುಗೆಮನೇಲಿ ತಿಂದಳಲ್ಲ."

"ನೀವು ಅವಳಿಗೆ ಎಲ್ಲಾ ಬೇರೆ ಇಟ್ಟಿದ್ರಿ."

"ಹೌದು," ಎಂದರು. "ನಾನೂ ಬೇರೆ ಇಟ್ಟೆ." ಆಮೇಲೆ ತಮಗೆ ತಾವೇ ಎನ್ನುವಂತೆ ಹೇಳಿದರು: "ಈ ಕಪ್ಪಿನ ಫೋಟೋ ತೆಗೆದು ಊರಿಗೆ ಕಳಿಸಿದ್ದೆ. ತಂಗಿಗೆ."

ಕ್ಷಮಿಸಿ ಎಂದೆ. ಇನ್ನೊಂದು ಸಲವೂ ಎಂದೆ. ಆ ಮಾತು ಮೇಜಿನ ಮೇಲೆ ಬಿದ್ದು ಅಲ್ಲೇ ಉಳಿಯಿತು, ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಬೀಜದ ಟೊಪ್ಪಿಗೆ ತೆಗೆದು ತಟ್ಟೆಗೆ ಹಾಕಿ ಮುಂದಿನದನ್ನು ಕೈಗೆತ್ತಿಕೊಂಡರು.

ಹ್ವಾಚೆ ಅವತ್ತೂ ಮೊದಲಿನಂತೆಯೇ ಇತ್ತು. ಐಸ್ ಹಾಕಿದರು, ಸೆವೆನ್ ಅಪ್ ಹೊಯ್ದರು, ಪೇರ್ ಹೂವುಗಳನ್ನು ತೇಲಿಬಿಟ್ಟರು. ಮೊದಲ ಬಟ್ಟಲು ನಿಧಿಗೆ, ಕೆಂಪು ಚುಕ್ಕೆಯದ್ದೇ. ನಮಗೆ ಸಾದಾ ಬಟ್ಟಲುಗಳಲ್ಲಿ ಕೊಟ್ಟರು. ನೀಲಗಂಗಾ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು, ಏನಾದರೂ ಮಾಡಬೇಕಲ್ಲ ಎಂದಿರಬೇಕು. ನಾನು ಕೊನೆಯ ಹನಿಯವರೆಗೂ ಮುಗಿಸಿದೆ. ಅದರಲ್ಲಿ ಒಂದು ಬೀಜಕ್ಕೂ ಟೊಪ್ಪಿಗೆಯಿರಲಿಲ್ಲ.

ಹೊರಡುವಾಗ ಅವರು ಶೆಲ್ಫಿನಿಂದ ಲೋಟ ತೆಗೆದು, ತೊಳೆದು, ಒಣ ಬಟ್ಟೆಯಲ್ಲಿ ಒರೆಸಿದರು. ಉಳಿದಿದ್ದ ಬೀಜಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಅದರೊಳಗಿಟ್ಟರು. ಅವರಲ್ಲೂ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲವೆಂದು ನನಗೆ ಆಗ ಗೊತ್ತಾಯಿತು.

"ಇದು ನಿನ್ನದು," ಎಂದು ಕೊಟ್ಟರು. ಒಂದೇ ಕೈಯಲ್ಲಿ ಕೊಟ್ಟರು.

ನಿಧಿಯನ್ನು ತಬ್ಬಿಕೊಂಡರು. ನನ್ನ ಭುಜವನ್ನು ಒಂದು ಸಲ ಮುಟ್ಟಿ ಒಳಗೆ ಹೋದರು. ಕಾರಿನಲ್ಲಿ ನೀಲಗಂಗಾ, "ಯಾಕ ಹೇಳಿದ್ರಿ? ಸುಮ್ಮನ ಅಕಿ ಮನಸ್ಸಿಗೂ ತ್ರಾಸು, ನಿಮಗೂ ತ್ರಾಸು," ಎಂದರು. ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ನನಗೆ ಹಗುರಾಗಲಿಲ್ಲ.

ಮರುದಿನ ಬೆಳಿಗ್ಗೆ ವರ್ಜೀನಿಯಾಕ್ಕೆ ಹೊರಟೆವು. ಬದರಿ ಡ್ರೈವ್ ಮಾಡುತ್ತಿದ್ದರು, ನಾನು ಪಕ್ಕದಲ್ಲಿ, ಲೋಟ ನನ್ನ ತೊಡೆಯ ಮೇಲೆ. ಅವರಿಗೆ ರಾತ್ರಿಯೇ ಎಲ್ಲ ಹೇಳಿದ್ದೆ. "ನಾನೂ ನೋಡಿ ಸುಮ್ಮನಿದ್ದೆನಲ್ಲ," ಎಂದಿದ್ದರು, ಅಷ್ಟೇ. ದಾರಿಯುದ್ದಕ್ಕೂ ನಾನು ಯೋಚಿಸುತ್ತಾ ಬಂದೆ. ಮನೆಗೆ ಹೋದ ಮೇಲೆ ಇದು ನನ್ನ ಲೋಟ, ದಿನಾ ಇದರಲ್ಲೇ ಕಾಫಿ ಕುಡಿಯುತ್ತೇನೆ, ಹಬ್ಬಕ್ಕೆ ಬಂದವರಿಗೂ ಇದರಲ್ಲಿ ಕೊಡುತ್ತೇನೆ, ಇನ್ನು ನಮ್ಮ ಮನೆಯಲ್ಲಿ ಇಂಥದ್ದು ಇರುವುದಿಲ್ಲ ಎಂದು ನಿಶ್ಚಯಿಸಿದೆ. ಚರ್ಚಾಸ್ಪರ್ಧೆಯ ಹುಡುಗಿ ಮತ್ತೆ ಮೇಜು ಗುದ್ದುತ್ತಿದ್ದಳು.

ಸೌತ್ ಕೆರೊಲಿನಾದಲ್ಲಿ ಮಧ್ಯಾಹ್ನದ ಬಿಸಿಲಿಗೆ ರಸ್ತೆ ಮಿಣುಗುತ್ತಿತ್ತು. ಹಿಂದೆ ಕೂತ ನಿಧಿ ಪೊಟ್ಟಣ ಬಿಚ್ಚಿ ಬೀಜಗಳನ್ನು ಒಂದೊಂದಾಗಿ ತಿಂದು ಮುಗಿಸಿದ್ದಳು. ಬಾಯಾರಿಕೆ ಎಂದಳು. ಬದರಿ ಒಂದು ರೆಸ್ಟ್ ಏರಿಯಾದಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿದರು. ದೊಡ್ಡ ಕ್ಯಾನಿನಲ್ಲಿ ನೀರಿತ್ತು, ಪೇಪರ್ ಕಪ್ಪುಗಳು ಮುಗಿದಿದ್ದವು. ನಾನು ಲೋಟದ ತುಂಬ ನೀರು ಹೊಯ್ದು ಅವಳ ಕಡೆ ಚಾಚಿದೆ. ಇಲ್ಲಿಂದಲೇ ಶುರುವಾಗಲಿ ಎಂದುಕೊಂಡೆ.

ಅವಳು ಕೈ ಚಾಚಲಿಲ್ಲ. ಚುಕ್ಕೆಯನ್ನು ನೋಡಿದಳು. "ಅದು ಹಾಲ್ಮೊನಿದು. ಐ ಆಮ್ ನಾಟ್ ಸಪೋಸ್ಡ್ ಟು."

"ಪರವಾಗಿಲ್ಲ ಪುಟ್ಟಿ. ಕುಡಿ."

"ಆರ್ ಯೂ ಶೂರ್?"

"ಹೂಂ, ಕುಡಿ."

ಅವಳು ಲೋಟ ತೆಗೆದುಕೊಂಡು ಕಾರಿನಿಂದ ಕೆಳಗಿಳಿದಳು. ತಲೆಯನ್ನು ಹಿಂದಕ್ಕೆ ಬಾಗಿಸಿ, ಲೋಟವನ್ನು ತುಟಿಯಿಂದ ಒಂದು ಗೇಣು ಮೇಲೆ ಎತ್ತಿ ಹಿಡಿದು, ಸಣ್ಣ ಧಾರೆಯಾಗಿ ನೀರನ್ನು ಬಾಯಿಗೆ ಬಿಟ್ಟುಕೊಂಡಳು. ಮೂರೂವರೆ ವರ್ಷಕ್ಕೆ ಬರದಿದ್ದದ್ದು ಈಗ ಪೂರ್ತಿ ಬಂದಿತ್ತು. ಫ್ರಾಕಿನ ಮೇಲೆ ಒಂದು ಹನಿ ಬೀಳಲಿಲ್ಲ. ಕುಡಿದು ಮುಗಿಸಿ, ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು, ಶಭಾಷ್ ಎನ್ನಲಿ ಎಂದು ನನ್ನ ಮುಖವನ್ನೇ ನೋಡಿದಳು.

"ನೋಡಮ್ಮ," ಎಂದಳು, "ನಾನು ಕಚ್ಚಲೇ ಇಲ್ಲ."